ದೀಪದ ಕೆಳಗಿನ ಹನ್ನೆರಡು ಅಂಕಿಗಳು

೨೦೦೧ರಲ್ಲಿ ನಾನು ಚಿತ್ರದುರ್ಗದಲ್ಲಿದ್ದುಕೊಂಡು ಸುತ್ತಲಿನ ಕಾರ್ಖಾನೆಗಳ ಕಂಪ್ಯೂಟರ್ ನಿಯಂತ್ರಣ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಆಗಿದ್ದೆ. ಆ ಬೇಸಿಗೆಯಲ್ಲಿ ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಯೊಂದರಿಂದ ಕರೆ ಬಂತು. ದಿನಚರಿಯಲ್ಲಿರುವುದು ಇಷ್ಟೇ: 'ಬಾಯ್ಲರ್ ಪರದೆ. ಓಬಣ್ಣ.' ಉಳಿದದ್ದು ನೆನಪಿನಿಂದ. ನೆನಪು ನನ್ನನ್ನು ಇದ್ದದ್ದಕ್ಕಿಂತ ಜಾಣನಾಗಿ ತೋರಿಸುತ್ತಿರಬಹುದು.

ಓಬಣ್ಣ ಬಾಯ್ಲರ್ ಆಪರೇಟರ್, ತಳಕು ಊರಿನ ಕಡೆಯವರು, ಐವತ್ತು ದಾಟಿತ್ತು. ಹೊಸ ಕಂಪ್ಯೂಟರ್ ಬಂದ ಮೇಲೆ ಹಬೆಯ ಒತ್ತಡ ಏರಿದ್ದನ್ನು ಎರಡು ಸಲ ತಡವಾಗಿ ಗಮನಿಸಿದ್ದರು. ಸುರಕ್ಷಾ ಕವಾಟ ತಾನಾಗಿ ತೆರೆದು ಅನಾಹುತ ತಪ್ಪಿತ್ತು. ಮಾಲೀಕ ಶಿವಲಿಂಗಪ್ಪನವರು ಅವರನ್ನು ಮೂಟೆ ಹೊರಲು ಕಳಿಸಿ, ಡಿಪ್ಲೊಮಾ ಓದಿದವನನ್ನು ತರುವವರಿದ್ದರು. ಯಂತ್ರ ಸರಿಯಿದೆ ಎಂದು ನನ್ನಿಂದ ಹೇಳಿಸುವುದಷ್ಟೇ ಬಾಕಿ.

"ಕಣ್ಣು ಮಂಜಾಗೈತೆ ಅಂದ್ರೆ ಒಪ್ಪಲ್ಲ ಸಾರ್ ಇವ್ನು," ಅಂದರು ಮಾಲೀಕರು.

"ಮೊನ್ನೆ ನಿಮ್ಮ ಅಂಗಿಗೆ ಗುಂಡಿ ಇರ್ಲಿಲ್ಲ. ಅದು ಕಂಡಿತ್ರಿ ನಂಗೆ," ಅಂದರು ಓಬಣ್ಣ.

ಅವರ ಪಕ್ಕ ಕುಳಿತು ನೋಡಿದೆ. ಪರದೆಯ ಮೇಲರ್ಧದಲ್ಲಿ ಮಾಲೀಕರ ಮನೆದೇವರು ಜಟಿಂಗ ರಾಮೇಶ್ವರನ ಚಿತ್ರ, ಎರಡೂ ಬದಿ ಅಲುಗುತ್ತಾ ಉರಿಯುವ ದೀಪ. ಕೆಳಗೆ ಹನ್ನೆರಡು ಅಂಕಿಗಳು, ಎಲ್ಲವೂ ಒಂದೇ ಗಾತ್ರ, ಒಂದೇ ಹಸಿರು. ಒತ್ತಡದ್ದು ಕೊನೆಯ ಸಾಲಿನಲ್ಲಿ. ಓಬಣ್ಣ ತಲೆ ಎತ್ತಿದಾಗಲೆಲ್ಲ ಕಣ್ಣು ದೀಪಕ್ಕೆ ಹೋಗುತ್ತಿತ್ತು, ಕೈ ತಾನಾಗಿ ಎದೆ ಮುಟ್ಟುತ್ತಿತ್ತು. ಅಂಕಿ ಹುಡುಕುವುದು ಆಮೇಲೆ. ಯಾವುದು ಮೊದಲು ಕಾಣಬೇಕು, ಯಾವುದು ನಂತರ ಎಂದು ಗಾತ್ರ, ಬಣ್ಣ, ಜಾಗಗಳಿಂದ ನಿರ್ಧರಿಸುವುದಕ್ಕೆ ನಮ್ಮಲ್ಲಿ ವಿಷುಯಲ್ ಹೈರಾರ್ಕಿ ಎನ್ನುತ್ತಾರೆ. ಇಲ್ಲಿ ಅದನ್ನು ದೀಪವೇ ನಿರ್ಧರಿಸಿತ್ತು.

ಚಿತ್ರ ಅಲ್ಲಿರಬಾರದು ಎಂದಾಗ ಮಾಲೀಕರು ಮುಖ ಗಂಟಿಕ್ಕಿದರು. "ಬಾಯ್ಲರ್ ಕಾಯೋನೇ ಆ ಸ್ವಾಮಿ. ಅವ್ನನ್ನೇ ಹೊರಗ್ ಹಾಕ್ತೀರಾ?"

ನಾನು ಪಟ್ಟು ಬಿಡಲಿಲ್ಲ. "ಬೆಳಿಗ್ಗೆ ಆನ್ ಮಾಡಿದ ಕೂಡ್ಲೆ ಪರದೆ ತುಂಬ ದರ್ಶನ ಕೊಡ್ಲಿ. ಆಮೇಲೆ ತೆರೆ ಎಳೆಯೋಣ. ಗುಡೀಲೂ ಎಳೀತಾರಲ್ಲ."

ಮಾಲೀಕರು ಒಪ್ಪಿ ತಲೆಯಾಡಿಸಿದರು.

ಮಾರನೆಯ ದಿನ ಒತ್ತಡದ ಅಂಕಿ ಅರ್ಧ ಪರದೆ ತುಂಬಿತ್ತು. ಉಳಿದವು ಕೆಳಗೆ, ಬೂದು ಬಣ್ಣದಲ್ಲಿ. ಕೆಂಪು ಬಣ್ಣ ಮಿತಿ ಹತ್ತಿರವಾದಾಗ ಮಾತ್ರ. ಮಾಲೀಕರ ಸೂಚನೆಯಂತೆ, ಓಬಣ್ಣನಿಗೆ ಹೇಳದೆ, ಒತ್ತಡ ಏರಿದಂತೆ ತೋರುವ ಪರೀಕ್ಷಾ ಸಂಕೇತ ಕಳಿಸಿದೆ. ಬಾಗಿಲ ಬಳಿ ಟೀ ಕುಡಿಯುತ್ತಿದ್ದ ಓಬಣ್ಣ ಕೆಂಪು ಕಂಡು ಲೋಟ ಹಿಡಿದೇ ಓಡಿಬಂದು ಹಬೆ ಬಿಡುವ ಕವಾಟ ತಿರುಗಿಸಿದರು.

"ಆ ಡಿಪ್ಲೊಮಾದವ್ನಿಗೆ ಬರಬ್ಯಾಡ ಅಂತ ಹೇಳಿಬಿಡ್ತೀನಿ," ಅಂದರು ಮಾಲೀಕರು.

ಅಂಗಿಗೆ ಚೆಲ್ಲಿದ ಟೀ ಒರೆಸಿಕೊಳ್ಳುತ್ತಾ ಓಬಣ್ಣ ಮಾಲೀಕರನ್ನು ಕೇಳಿದರು: "ನನ್ ಕಣ್ಣಿನ್ ಬಗ್ಗೆನೂ ಏನಾರ ಹೇಳ್ರಿ."

ಅಂದಿನಿಂದ, ಯಾರೋ ಗಮನಿಸಲಿಲ್ಲ ಎಂಬ ದೂರು ಬಂದರೆ ಮೊದಲು ಆ ಆಪರೇಟರ್ ಕೂರುವ ಕುರ್ಚಿಯಲ್ಲಿ ಕೂರುತ್ತೇನೆ. ನಾವು ಅವರಿಗೆ ಮೊದಲು ತೋರಿಸಿದ್ದೇನು ಎಂಬುದು ಅಲ್ಲಿಂದಲೇ ಕಾಣುವುದು.