ಅಜ್ಜಿಗೆ ಹೇಳದ ಸಾವು

ಕೃಷ್ಣರಾಜ ಮಾರುಕಟ್ಟೆಯಲ್ಲಿ ಒದ್ದೆ ಗೋಣಿಯ ಮೇಲೆ ಸುರಿದ ಸುಗಂಧರಾಜದ ವಾಸನೆ ಬಂದರೆ ಇಂದಿಗೂ ನನ್ನ ಹೆಜ್ಜೆ ತಡೆಯುತ್ತದೆ. ಉಳಿದವರಿಗೆ ಅದು ಮದುವೆಯ ವಾಸನೆ. ನನಗೆ ಮಾತ್ರ ಚಾಮರಾಜಪೇಟೆಯ ನಮ್ಮ ಮನೆಯ ನಡುಕೋಣೆ ಕಣ್ಣಿಗೆ ಕಟ್ಟುತ್ತದೆ: ಹಗಲಲ್ಲೂ ಅರೆಗತ್ತಲು, ಗೋಡೆಗೆ ಒತ್ತಿದ ಮಂಚ, ಸೊಂಟ ಮುರಿದು ಮಲಗಿದ ಅಜ್ಜಿ. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ಬಲ್ಲಿರಿ, ಮಲಗಿದಲ್ಲೇ ಇರುವ ಹಿರಿಯರ ಕಿವಿಗೆ ಬೀಳದ ಸದ್ದಿಲ್ಲ.

ಯುದ್ಧ ಮುಗಿದಿದ್ದರೂ ಅಕ್ಕಿಗೆ ರೇಷನ್ ಚೀಟಿ ಹಿಡಿಯುತ್ತಿದ್ದ ಕಾಲ. ನನಗೆ ಏಳು ವರ್ಷ. ಅಪ್ಪನಿಗೆ ಮಾಮೂಲ್‌ಪೇಟೆಯಲ್ಲಿ ಬಟ್ಟೆ ಅಂಗಡಿ. ಅವರ ತಮ್ಮ ಗುರುಶಾಂತ ಚಿಕ್ಕಪ್ಪ ಮಲ್ಲೇಶ್ವರದಲ್ಲಿ ಮನೆ ಮಾಡಿ, ಅಲ್ಲೇ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಪ್ರತಿ ಸೋಮವಾರ ಸಂಜೆ ಸೈಕಲ್ ತುಳಿದು ಬಂದು ಅಜ್ಜಿಯ ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಒಂದು ಬುಧವಾರ ಪಾಠ ಹೇಳುತ್ತಲೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಅಜ್ಜಿಯ ಗುಂಡಿಗೆ ಸೋತಿದೆ, ಕೆಟ್ಟ ಸುದ್ದಿ ತಡೆಯದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಪ್ಪ ನಮ್ಮೆಲ್ಲರನ್ನೂ ಅಡುಗೆಮನೆಗೆ ಕರೆದು, "ಅವ್ವಂಗೆ ಗೊತ್ತಾಗ್ಬಾರ್ದು," ಎಂದರು. ನನ್ನ ಕಡೆ ತಿರುಗಿ, "ನೀನು ಬಾಯಿಬಿಟ್ರೆ ಅಜ್ಜಿ ಸತ್ತೋಗ್ತಾರೆ, ತಿಳೀತಾ?" ಎಂದರು. ಅವರ ಕಣ್ಣು ಒಣಗಿತ್ತು.

ನೆರೆಮನೆಯವರೊಬ್ಬರನ್ನು ಅಜ್ಜಿಯ ಬಳಿ ಕೂರಿಸಿ ನಾವು ಮಲ್ಲೇಶ್ವರಕ್ಕೆ ಹೋದೆವು. ಲಿಂಗಾಯತರಾದ ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಕಳಿಸುವುದು. ಗೋಡೆಗೆ ಒರಗಿ ಕೂತಿದ್ದ ಚಿಕ್ಕಪ್ಪನ ಹಣೆ ತುಂಬ ವಿಭೂತಿ, ಕೊರಳ ತುಂಬ ಸುಗಂಧರಾಜ. ಭಜನೆಯವರ ತಾಳ ನಿಂತಾಗಲೆಲ್ಲ ಚಿಕ್ಕಮ್ಮನ ಅಳು ಕೇಳುತ್ತಿತ್ತು. ಮನೆಗೆ ಬಂದು ಸ್ನಾನ ಮಾಡಿದ್ದೆ. ಜಡೆಯನ್ನು ಮಾತ್ರ ಬಿಚ್ಚಿರಲಿಲ್ಲ, ಅದಕ್ಕೆ ಸುಗಂಧರಾಜದ ವಾಸನೆ ಹತ್ತಿತ್ತು. ಅಜ್ಜಿ ಅದನ್ನು ಮೂಗಿನ ಹತ್ತಿರ ಹಿಡಿದು, "ಎಲ್ಲಿಗೆ ಹೋಗಿದ್ರೇ?" ಎಂದರು.

"ಮದುವೇಗೆ."

"ಆಷಾಢದಲ್ಲಿ ಮದುವೆ," ಎಂದು ತಮಗೇ ಹೇಳಿಕೊಂಡು ಗೋಡೆಯ ಕಡೆ ಮುಖ ಮಾಡಿದರು.

ಸೋಮವಾರ ಬಂತು. ಸಂಜೆಯಾದರೂ ಸೈಕಲ್ ಗಂಟೆ ಕೇಳಲಿಲ್ಲ. "ಶಾಲೆ ಕೆಲ್ಸದ ಮೇಲೆ ಶಿವಮೊಗ್ಗಕ್ಕೆ ಹೋಗಿದಾನವ್ವ," ಎಂದರು ಅಪ್ಪ. ಅಜ್ಜಿ ಏನೂ ಕೇಳಲಿಲ್ಲ. ಅವರು ಕೇಳದೆ ಇದ್ದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಮರುದಿನ ಚಿಕ್ಕಪ್ಪನ ಶಾಲೆಯಲ್ಲಿ ಸಂತಾಪ ಸಭೆ, ನಾನೂ ಹೋಗಿದ್ದೆ. ಅಲ್ಲಿ ಯಾರೂ ಅಳಲಿಲ್ಲ. ಸಾಲಾಗಿ ಕುರ್ಚಿ, ಮೇಜಿನ ಮೇಲೆ ಚಿಕ್ಕಪ್ಪನ ಫೋಟೋ, ಒಬ್ಬರಾದ ಮೇಲೊಬ್ಬರ ಹೊಗಳಿಕೆ. ಕೊನೆಗೆ ಎಲ್ಲರೂ ಎದ್ದು ಕೈಕಟ್ಟಿ ನಿಂತರು. ಅಳುವಿದ್ದಲ್ಲಿ ಮಾತ್ರ ಸಾವು ಎಂದುಕೊಂಡಿದ್ದ ನನಗೆ ಇದು ಬಹುಮಾನ ಕೊಡುವ ಸಮಾರಂಭದ ಹಾಗೆ ಕಂಡಿತು. ಇದನ್ನು ಹೇಳಿದರೆ ತಪ್ಪಿಲ್ಲವೆನ್ನಿಸಿತು.

"ಅಜ್ಜೀ, ಇವತ್ತು ಹೆಡ್‌ಮೇಷ್ಟ್ರೂ ಕೈಕಟ್ಟಿ ನಿಂತಿದ್ರು. ಯಾರೂ ಮಾತೇ ಆಡ್ಲಿಲ್ಲ!"

ಅಜ್ಜಿಯ ಬೆರಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. "ಯಾವ ಶಾಲೇಲಿ?"

ಆಗ ನನ್ನ ತಪ್ಪು ಹೊಳೆಯಿತು. "ನಮ್ಮ ಶಾಲೇಲಿ," ಎಂದೆ. ಅಜ್ಜಿ ಕಣ್ಣು ಮುಚ್ಚಿದರು. ಕತ್ತಲಾಗುವವರೆಗೂ ನಾನು ಮಂಚದ ಪಕ್ಕದಲ್ಲೇ ಕೂತು ಅವರ ಸೆರಗು ಏರಿಳಿಯುವುದನ್ನೇ ನೋಡುತ್ತಿದ್ದೆ.

ಹನ್ನೊಂದನೆಯ ದಿನ ಮಲ್ಲೇಶ್ವರದ ಮನೆಯಲ್ಲಿ ಶಿವಗಣಾರಾಧನೆ. ಜಂಗಮರ ಪಾದಪೂಜೆಯಾಯಿತು, ಪಂಕ್ತಿ ಕೂತಿತು, ಪಾಯಸ ಬಂತು. ಚಿಕ್ಕಪ್ಪನ ತುಂಟಾಟ ನೆನೆದು ಕೆಲವರು ನಕ್ಕರು ಕೂಡ. ಚಿಕ್ಕಮ್ಮ ಮಾತ್ರ ಕಂಬಕ್ಕೊರಗಿ ಕೂತಿದ್ದರು. ಆ ಮಧ್ಯಾಹ್ನ ಮನೆಗೆ ಬಂದಾಗ ಅಜ್ಜಿ ನನ್ನನ್ನು ಹತ್ತಿರ ಕರೆದರು.

"ಪಾಯಸ ಮಾಡಿದ್ರಾ?"

"ಹೂಂ."

ನನ್ನ ಕೈಯನ್ನು ತಮ್ಮ ಅಂಗೈಯೊಳಗೆ ತೆಗೆದುಕೊಂಡರು. ಆಮೇಲೆ, "ಅವನ ಹೆಂಡ್ತಿ ಊಟ ಮಾಡಿದ್ಲಾ?" ಎಂದರು.

ನಾನು ಬಿಕ್ಕಿಬಿಕ್ಕಿ ಅತ್ತೆ. "ನಾನು ಹೇಳ್ಲಿಲ್ಲಜ್ಜೀ. ಸಾಯ್ಬೇಡ!"

"ಇಲ್ಲ ಕಣವ್ವ, ನೀನೇನೂ ಹೇಳ್ಲಿಲ್ಲ. ನಿಮ್ಮಪ್ಪಂಗೆ ಮಾತ್ರ ಹೇಳ್ಬೇಡ. ನಂಗೆ ಗೊತ್ತಾಗುತ್ತೆ ಅಂತ ಅವನು ಅತ್ತೂ ಇಲ್ಲ."

ಬಾಗಿಲು ಮುಂದೆ ಮಾಡಿಸಿದರು. ವಿಭೂತಿ ಗಟ್ಟಿ ತರಿಸಿ ನನ್ನ ಹಣೆಗೂ ತಮ್ಮ ಹಣೆಗೂ ಹಚ್ಚಿದರು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲನೆ ಮಗನ ಮಾತಾಡಿದರು: ಹುಟ್ಟಿದಾಗ ಅಳಲೇ ಇಲ್ಲವಂತೆ, ಮೂರು ವರ್ಷದವರೆಗೆ ಮಾತು ಬರಲಿಲ್ಲವಂತೆ, ಬಂದ ಮೇಲೆ ನಿಲ್ಲಲೇ ಇಲ್ಲವಂತೆ. ಸಾವಿನ ಮನೆ, ಶಾಲೆಯ ಸಭೆ, ಆರಾಧನೆ ಮೂರನ್ನೂ ಸೇರಿಸಿದರೂ ನಮ್ಮಿಬ್ಬರದೇ ಆದ ಆ ಸಭೆಯಷ್ಟು ದೊಡ್ಡದೆನಿಸಲಿಲ್ಲ.

ಆಮೇಲಿನ ಪ್ರತಿ ಸೋಮವಾರ ಅಪ್ಪ ಹೊಸ್ತಿಲಲ್ಲಿ ನಿಂತು, "ಗುರುಶಾಂತ ಚೆನ್ನಾಗಿದಾನಂತೆ ಅವ್ವ," ಎನ್ನುತ್ತಿದ್ದರು. "ಚೆನ್ನಾಗಿರ್ಲಪ್ಪ," ಎನ್ನುತ್ತಿದ್ದರು ಅಜ್ಜಿ. ನಾನು ಹಿತ್ತಲಿಗೆ ಓಡುತ್ತಿದ್ದೆ. ದೀಪಾವಳಿ ಕಳೆದ ವಾರ ಅಜ್ಜಿ ನಿದ್ದೆಯಲ್ಲೇ ಹೋದರು. ಬಂದವರಿಗೆಲ್ಲ ಅಪ್ಪ ಕೈಮುಗಿದು, "ಒಂದು ಸಮಾಧಾನ, ಅವ್ವಂಗೆ ಕೊನೇವರ್ಗೂ ಗೊತ್ತಾಗ್ಲಿಲ್ಲ," ಎಂದರು. ಅಂದು ಮೊದಲ ಸಲ ಅವರು ಅತ್ತಿದ್ದನ್ನು ಕಂಡೆ. ಯಾರಿಗಾಗಿ ಎಂದು ಕೇಳುವ ವಯಸ್ಸಲ್ಲ ನನ್ನದು.

ಅಪ್ಪ ಅದೇ ಸಮಾಧಾನದಲ್ಲಿ ಮೂವತ್ತು ವರ್ಷ ಬಾಳಿದರು. ಈಗ ಆ ಮನೆಯೂ ಇಲ್ಲ, ಅದರೊಳಗಿದ್ದವರಲ್ಲಿ ನನ್ನ ಹೊರತು ಯಾರೂ ಇಲ್ಲ. ಹೇಳಿದರೆ ನೋಯುವವರು ಉಳಿದಿಲ್ಲವೆಂದು ಬರೆದೆ.