ದಿಲ್ಲಿಯಲ್ಲಿ ಮಾತಿಲ್ಲದ ದಿನಗಳು

ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ ನಮ್ಮ ಇತಿಹಾಸದ ಮಾಸ್ಟ್ರಿಗೆ ಹುಡುಗರನ್ನು ದಿಲ್ಲಿಗೆ ಕರೆದುಕೊಂಡು ಹೋಗುವ ಮನಸ್ಸಾಯಿತು. ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ. ಮಂಗಳೂರಿನವರಿಗೆ ಆಗ ಸರಕಾರವೆಂದರೆ ಮದರಾಸು, ವ್ಯಾಪಾರವೆಂದರೆ ಬೊಂಬಾಯಿ. ದಿಲ್ಲಿಯಲ್ಲಿ ಯಾರಿಗೂ ಕೆಲಸವಿರಲಿಲ್ಲ, ನೆಂಟರಿರಲಿಲ್ಲ. ದೇಶದ ರಾಜಧಾನಿಯನ್ನು ಕಣ್ಣಲ್ಲಿ ನೋಡದೆ ಬರೀ ಪುಸ್ತಕ ಬಾಯಿಪಾಠ ಮಾಡಿ ಎಂತ ಪ್ರಯೋಜನ ಎಂದು ಮಾಸ್ಟ್ರು ಕೇಳಿದರು. ರಜೆ ಕ್ರಿಸ್ಮಸ್ಸಿನದ್ದು; ಕ್ರಿಸ್ತಾನರ ಹುಡುಗರು ಹಬ್ಬ ಬಿಟ್ಟು ಹೊರಡುವ ಹಾಗಿರಲಿಲ್ಲ. ಹೆಸರು ಕೊಟ್ಟವರಲ್ಲಿ ನಮ್ಮ ಕರಾವಳಿಯ ಮುಸಲ್ಮಾನರಾದ ಬ್ಯಾರಿಗಳ ಹುಡುಗ ನಾನೊಬ್ಬನೇ. ಉಳಿದವರೆಲ್ಲ ಹಿಂದೂಗಳು.

ಬಂದರಿನಲ್ಲಿ ನನ್ನ ಬಾಪನಿಗೆ ಅಕ್ಕಿಯ ಅಂಗಡಿ ಇತ್ತು. ಅವರು ಬೇಡವೆಂದೇ ಹೇಳುತ್ತಾರೆಂದು ನಾನು ಎಣಿಸಿದ್ದೆ. ಅವರು ತಕ್ಕಡಿಯಿಂದ ಕಣ್ಣು ತೆಗೆಯದೆ ಹೋಗಿ ಬಾ ಎಂದರು. ಮಸೀದಿಗೆ ನಾವು ಪಳ್ಳಿ ಎನ್ನುತ್ತೇವೆ. ದಿಲ್ಲಿಯ ದೊಡ್ಡ ಪಳ್ಳಿಯಲ್ಲಿ ಒಂದು ಶುಕ್ರವಾರದ ನಮಾಜು ಮಾಡಿ ಬಾ, ನನಗಂತೂ ಆ ಯೋಗ ಇಲ್ಲ ಎಂದರು. ಉಮ್ಮ ಅಕ್ಕಿ ರೊಟ್ಟಿಗಳನ್ನು ಒಣಗಿಸಿ ಡಬ್ಬಿ ತುಂಬಿಸಿದಳು.

ಹೊರಡುವ ಮೊದಲು ಮಾಸ್ಟ್ರು ಎಲ್ಲರೆದುರು ನನ್ನ ಬೆನ್ನು ತಟ್ಟಿ, ಹಿಂದುಸ್ತಾನಿ ಮಾತಾಡಲಿಕ್ಕೆ ಇವನಿದ್ದಾನಲ್ಲ, ನಮಗೆ ಚಿಂತೆಯಿಲ್ಲ ಎಂದರು. ನಾನು, "ಸಾರ್, ನಮ್ಮ ಮನೆಯಲ್ಲಿ ಬ್ಯಾರಿ ಭಾಷೆ. ಹಿಂದುಸ್ತಾನಿ ನನಗೆ ಬರುದಿಲ್ಲ" ಎಂದೆ. ಅವರು ನಕ್ಕರು. ಅಲ್ಲಿಗೆ ಹೋದರೆ ತನ್ನಷ್ಟಕ್ಕೆ ಬರುತ್ತದೆ ಎಂದರು. ನಾನು ಸಂಕೋಚಪಡುತ್ತಿದ್ದೇನೆಂದು ಅವರ ಎಣಿಕೆ. ನಿಜ ಹೇಳುವುದಾದರೆ, ಹಿಂದಿ ಬರುತ್ತಿದ್ದದ್ದು ನಮ್ಮಲ್ಲಿ ಒಬ್ಬನಿಗೆ ಮಾತ್ರ. ಅವನು ಬೋಳಾರದವನು, ನನ್ನ ಬೆಂಚಿನಲ್ಲೇ ಕೂರುವವನು. ಅವನ ತಂದೆ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಸಂಜೆ ಹಿಂದಿ ಕ್ಲಾಸಿಗೆ ಹೋಗಿ ಅಷ್ಟಿಷ್ಟು ಕಲಿತಿದ್ದ. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಕಾಲೇಜು ಬಿಟ್ಟ ಮೇಲೆ ಬಂದರಿನ ದಕ್ಕೆಯಲ್ಲಿ ಕೂತು ಮಚ್ವೆ ದೋಣಿಗಳಿಂದ ಸಾಮಾನು ಇಳಿಸುವುದನ್ನು ನೋಡುತ್ತಾ ಕತ್ತಲಾಗುವವರೆಗೆ ಹರಟುವುದು ನಮ್ಮ ಅಭ್ಯಾಸ.

ಮದರಾಸಿನವರೆಗೆ ಎಲ್ಲ ಗಮ್ಮತ್ತಿನಲ್ಲಿ ಹೋಯಿತು. ಯಕ್ಷಗಾನದ ಪದ, ನಗೆ, ಒಬ್ಬರ ಚಕ್ಕುಲಿಗೆ ಇನ್ನೊಬ್ಬರ ಕೈ. ಅಲ್ಲಿ ರೈಲು ಬದಲಿಸಿ ಉತ್ತರಕ್ಕೆ ಹೋಗುತ್ತಾ ಹೋಗುತ್ತಾ ಹೊರಗೆ ತೆಂಗಿನ ಮರ ಇಲ್ಲವಾಯಿತು, ಬೋರ್ಡಿನ ಅಕ್ಷರ ಬದಲಾಯಿತು. ನಾಗಪುರ ದಾಟಿದ ಮೇಲೆ ಒಂದು ಸ್ಟೇಷನ್ನಿನಲ್ಲಿ ಇಬ್ಬರು ನೀರಿನವರು ಬಂದರು. ಒಬ್ಬ ಹಿಂದೂ ಪಾನಿ ಎಂದು ಕೂಗುತ್ತಿದ್ದ, ಇನ್ನೊಬ್ಬ ಮುಸಲ್ಮಾನ್ ಪಾನಿ ಎಂದು. ಆ ಎರಡು ಮಾತು ಯಾರೂ ತಿಳಿಸಿ ಹೇಳದೆಯೇ ನನಗೆ ಅರ್ಥವಾಯಿತು. ಊರಿನಲ್ಲಿಯೂ ಯಾರ ಮನೆಯ ಒಳಗೆ ಎಲ್ಲಿಯವರೆಗೆ ಹೋಗಬಹುದು, ಯಾವ ಪಾತ್ರೆ ಮುಟ್ಟಬಾರದು ಎಂಬುದು ನಮಗೆಲ್ಲ ಗೊತ್ತುಂಟು. ಆದರೆ ಅದನ್ನು ಹೀಗೆ ಬಾಯಿ ಬಿಟ್ಟು ಕೂಗುವುದನ್ನು ನಾನು ಕೇಳಿರಲಿಲ್ಲ. ಹುಡುಗರೆಲ್ಲ ಕಿಟಕಿಯಿಂದಲೇ ಚೊಂಬು ಚಾಚಿದರು. ನನ್ನ ನೀರಿನವನು ದೂರದಲ್ಲಿದ್ದ. ನಾನು ಇಳಿದು ಪ್ಲಾಟ್‌ಫಾರ್ಮಿನ ಆ ತುದಿಗೆ ಓಡಿ, ತುಂಬಿಸಿಕೊಂಡು, ರೈಲು ಸಿಳ್ಳೆ ಹಾಕುವಾಗ ಓಡಿ ಬಂದು ಹತ್ತಿದೆ. ಬೋಳಾರದ ಗೆಳೆಯ ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ ಪ್ರತಿ ಸ್ಟೇಷನ್ನಿನಲ್ಲೂ ನಾನು ಹೇಳಿಸಿಕೊಳ್ಳದೆ ಇಳಿದು ಹೋಗುತ್ತಿದ್ದೆ.

ದಿಲ್ಲಿಯಲ್ಲಿ ಮಾಸ್ಟ್ರು ಒಂದು ಧರ್ಮಶಾಲೆಯನ್ನು ಗೊತ್ತುಮಾಡಿದ್ದರು. ಅಲ್ಲಿಯ ಮೆನೇಜರು ಒಬ್ಬೊಬ್ಬರ ಹೆಸರು ಕೇಳುತ್ತಾ ಬಂದು, ನನ್ನ ಹೆಸರು ಕೇಳಿ ಪೆನ್ನು ಕೆಳಗಿಟ್ಟ. ಮಾಸ್ಟ್ರು ಅವನನ್ನು ಬದಿಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದರು. ಹಿಂದೆ ಬರುವಾಗ ಅವರ ಮುಖ ಸಣ್ಣದಾಗಿತ್ತು. ದೊಡ್ಡ ಪಳ್ಳಿಯ ಹತ್ತಿರ ಮುಸಲ್ಮಾನ ಪ್ರಯಾಣಿಕರಿಗೆ ಒಂದು ಮುಸಾಫಿರ್‌ಖಾನೆ ಉಂಟಂತೆ, ಮಲಗಲಿಕ್ಕೆ ಮಾತ್ರ ಅಲ್ಲಿ, ಹಗಲೆಲ್ಲ ನಮ್ಮೊಟ್ಟಿಗೇ ಎಂದರು. ಬೋಳಾರದವನು ತಾನೂ ಹೋಗುತ್ತೇನೆಂದು ಹಾಸಿಗೆ ಸುತ್ತು ಎತ್ತಿಕೊಂಡ. ಮಾಸ್ಟ್ರು ಬಿಡಲಿಲ್ಲ. ನಿನ್ನ ತಂದೆಗೆ ನಾಳೆ ಜವಾಬು ಕೊಡಬೇಕಾದವನು ನಾನು ಎಂದರು. ಅವನು ಹಾಸಿಗೆ ಕೆಳಗಿಟ್ಟ.

ಮಾಸ್ಟ್ರೇ ಟಾಂಗಾದಲ್ಲಿ ಬಂದು ನನ್ನನ್ನು ಬಿಟ್ಟುಹೋದರು. ಪೇಟೆಯ ನಡುವೆ ಒಂದು ಗಡಿಯಾರದ ಗೋಪುರವಿತ್ತು. ದಿನಾ ಬೆಳಿಗ್ಗೆ ನಾನು ಅದರ ಬುಡದಲ್ಲಿ ನಿಲ್ಲುವುದು, ಅವರು ಬಂದು ಕರೆದುಕೊಳ್ಳುವುದು ಎಂದು ಮಾತಾಯಿತು.

ಮುಸಾಫಿರ್‌ಖಾನೆಯನ್ನು ನೋಡಿಕೊಳ್ಳುತ್ತಿದ್ದವರು ಬಿಳಿ ಗಡ್ಡದ ಒಬ್ಬ ಮುದುಕರು. ಅವರು ನನ್ನನ್ನು ಎಂತೆಂತದೋ ಕೇಳಿದರು. ಮಂಗಳೂರು ಎಂದೆ, ಗೊತ್ತಾಗಲಿಲ್ಲ. ಮದರಾಸು ಎಂದೆ, ತಲೆಯಾಡಿಸಿದರು. ಮತ್ತೂ ಏನೋ ಕೇಳಿದರು. ನಾನು ಸುಮ್ಮನೆ ನಿಂತದ್ದನ್ನು ನೋಡಿ, ಮುಸಲ್ಮಾನನಿಗೆ ಈ ಮಾತು ಬಾರದೆ ಇರುವುದು ಹೇಗೆ ಎಂಬಂತೆ ಹುಬ್ಬು ಗಂಟುಹಾಕಿದರು. ಆದರೆ ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಊರಿನಿಂದ ತಂದ ಹೊದಿಕೆ ಅಲ್ಲಿ ಪಂಚೆಗೆ ಸಮ. ಅವರು ಒಳಗಿನಿಂದ ಹತ್ತಿ ತುಂಬಿದ ದಪ್ಪದ ರಜಾಯಿ ತಂದು ನನ್ನ ಹೆಗಲಿಗೆ ಹಾಕಿದರು. ಉಪಕಾರವಾಯಿತು ಎನ್ನಲಿಕ್ಕೆ ಅವರ ಭಾಷೆಯಲ್ಲಿ ಶಬ್ದ ಗೊತ್ತಿಲ್ಲದೆ ಎದೆಯ ಮೇಲೆ ಕೈಯಿಟ್ಟೆ.

ಮರುದಿನ ಕೆಂಪು ಕೋಟೆ ನೋಡಿದೆವು. ಅಲ್ಲಿ ವಿವರಿಸುವವನೊಬ್ಬ ಉರ್ದುವಿನಲ್ಲಿ ಸುರುಮಾಡಿದ. ಮಾಸ್ಟ್ರು ತಮ್ಮ ಹಳೆಯ ಎಣಿಕೆಯಲ್ಲೇ ನನ್ನ ಕಡೆ ತಿರುಗಿದರು. ಅವನು ನನ್ನ ಹೆಸರು ಕೇಳಿದ, ಹೇಳಿದೆ. ಆಮೇಲೆ ಅವನು ಉಳಿದವರನ್ನು ಬಿಟ್ಟು ನನ್ನೊಬ್ಬನಿಗೇ ಹೇಳತೊಡಗಿದ. ಕಂಬ ತೋರಿಸಿದ, ಮೇಲಿನ ಮಾಡು ತೋರಿಸಿದ, ಕಣ್ಣಲ್ಲಿ ನೀರು ತಂದುಕೊಂಡು ಏನೋ ಹಾಡಿದ ಹಾಗೆ ಹೇಳಿದ. ಒಂದಕ್ಷರವೂ ನನಗೆ ತಿಳಿಯಲಿಲ್ಲ. ಕೊನೆಗೆ ಅವನಿಗದು ಗೊತ್ತಾಗಿ, ಸುತ್ತ ನಿಂತವರಿಗೆ ಏನೋ ಹೇಳಿ ನಕ್ಕ. ನಮ್ಮ ಹುಡುಗರೂ ಅರ್ಥವಾಗದೆಯೇ ನಕ್ಕರು. ಅವನು ಎಂತ ಹೇಳಿದ್ದು ಎಂದು ಬೋಳಾರದವನನ್ನು ಕೇಳಿದೆ. ತನಗೂ ಸರಿ ತಿಳಿಯಲಿಲ್ಲ ಎಂದ. ತಿಳಿದಿತ್ತು ಎಂದು ಅವನ ಮುಖ ಹೇಳುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಅವರು ಊಟಕ್ಕೆ ಧರ್ಮಶಾಲೆಗೆ ಹೋದಾಗ ನಾನು ಪಳ್ಳಿಗೆ ಹೋದೆ. ಅಷ್ಟು ಜನರನ್ನು ಒಂದೇ ಕಡೆ ನಾನು ಕಂಡದ್ದಿಲ್ಲ. ಅಂಗಳ ತುಂಬಿ ಮೆಟ್ಟಿಲವರೆಗೆ ಸಾಲು. ಎರಡು ಬದಿಯ ಹೆಗಲು ನನ್ನ ಹೆಗಲಿಗೆ ತಾಗಿತ್ತು. ನಮಾಜಿನ ಒಂದೊಂದು ಶಬ್ದವೂ ನಮ್ಮ ಬಂದರಿನ ಪಳ್ಳಿಯದ್ದೇ; ಎಲ್ಲಿ ಬಾಗಬೇಕು, ಎಲ್ಲಿ ಹಣೆ ಊರಬೇಕು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಊರು ಬಿಟ್ಟ ಮೇಲೆ ಮೊದಲ ಸಲ ಮೈ ಹಗುರಾಯಿತು. ನಮಾಜು ಮುಗಿಯಿತು. ಜನ ಎದ್ದರು, ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಮಾತಾಡುತ್ತಾ ಇಳಿದು ಹೋದರು. ನನ್ನ ಬದಿಯಲ್ಲಿದ್ದವನು ಸಲಾಂ ಹೇಳಿ ಒಂದು ಪ್ರಶ್ನೆ ಕೇಳಿದ. ಉತ್ತರ ಬಾರದ್ದರಿಂದ ಅವನೂ ಹೋದ. ಪಾರಿವಾಳಗಳು ಅಂಗಳಕ್ಕೆ ಇಳಿಯತೊಡಗಿದವು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ.

ಸಂಜೆಗಳು ಉದ್ದವಾಗಿದ್ದವು. ಮೆಟ್ಟಿಲಿನಲ್ಲಿ ಕೂರುತ್ತಿದ್ದೆ. ಕೆಳಗೆ ಕಬಾಬು ಸುಡುವವರು, ಹಕ್ಕಿ ಮಾರುವವರು, ಹಳೆ ಬಟ್ಟೆ ಹರವಿದವರು, ಎಲ್ಲರಿಗೂ ಬಾಯಿತುಂಬ ಮಾತು. ಒಂದು ಸಂಜೆ ನನ್ನ ಸ್ವರ ನಾನೇ ಕೇಳದೆ ಎಷ್ಟು ಹೊತ್ತಾಯಿತು ಎಂದು ಗಾಬರಿಯಾಗಿ, ಮೆಲ್ಲಗೆ ಊರಿನ ಮೀನುಗಳ ಹೆಸರು ಹೇಳಿದೆ. ಬೂತಾಯಿ, ಬಂಗುಡೆ, ಕಾಣೆ. ಹತ್ತಿರ ಕೂತ ಹೆಂಗಸೊಬ್ಬಳು ತಿರುಗಿ ನೋಡಿ, ಸ್ವಲ್ಪ ಆಚೆ ಸರಿದು ಕೂತಳು.

ಅದರ ಮರುದಿನ ಹೊಸ ದಿಲ್ಲಿ ನೋಡುವುದೆಂದು ನಿಶ್ಚಯವಾಗಿತ್ತು. ವೈಸರಾಯರ ಬಂಗಲೆ, ಶಾಸನಸಭೆ ಕೂರುವ ದುಂಡಗಿನ ಕೌನ್ಸಿಲ್ ಮನೆ, ದೊಡ್ಡ ಕಮಾನು. ನಾವು ಹೋದದ್ದೇ ಅದಕ್ಕೆ. ನಾನು ಮುಂಜಾನೆಯ ಮಂಜಿನಲ್ಲೇ ಗೋಪುರದ ಬುಡಕ್ಕೆ ಬಂದು ನಿಂತೆ. ಅಂಗಡಿಗಳು ತೆರೆದವು, ಬಿಸಿಲು ಬಂತು, ಅವರು ಬರಲಿಲ್ಲ. ಒಬ್ಬ ಟಾಂಗಾದವನು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಹೇಳಿದ. ಗಾಡಿ ಹತ್ತು ಎಂಬಂತೆ ಕೈ ಮಾಡಿದ. ಸವಾರಿ ಹುಡುಕುವವನು ಎಂದುಕೊಂಡು ನಾನು ಬೇಡವೆಂದು ಕೈಯಾಡಿಸಿದೆ. ಅವನು ಎರಡು ಸಲ ಅದನ್ನೇ ಹೇಳಿದ, ಮೂರನೆಯ ಸಲ ಗದರಿಸಿದ, ಕುದುರೆ ತಿರುಗಿಸಿಕೊಂಡು ಹೋದ. ಮಧ್ಯಾಹ್ನದವರೆಗೆ ನಿಂತೆ. ಎಲ್ಲಿಗೆ ಹೋಗಬೇಕು, ಯಾರನ್ನು ಹೇಗೆ ಕೇಳಬೇಕು ಎಂದು ತಿಳಿಯದೆ ಕಡೆಗೆ ಪಳ್ಳಿಯ ಮೆಟ್ಟಿಲಿಗೇ ಬಂದೆ.

ಬಿಸಿಲು ಇಳಿಯುವಾಗ ಬೋಳಾರದವನು ಜನರನ್ನು ತಳ್ಳಿಕೊಂಡು ಮೆಟ್ಟಿಲು ಹತ್ತುತ್ತಾ ಬಂದ. ನನ್ನನ್ನು ಕಂಡವನೇ ಸೊಂಟಕ್ಕೆ ಕೈಕೊಟ್ಟು ನಿಂತು ತುಳುವಿನಲ್ಲಿ ಕೇಳಿದ:

"ಟಾಂಗಾ ಕಳಿಸಿದ್ದೆವಲ್ಲ ಮಾರಾಯ, ನೀನು ಎಂತ ಬಾರದ್ದು?"

ಆಗ ಸಂಗತಿ ತಿಳಿಯಿತು. ಕೌನ್ಸಿಲ್ ಮನೆಯ ಒಳಗೆ ಹೋಗಲಿಕ್ಕೆ ಬೆಳಿಗ್ಗೆ ಬೇಗ ಮಾತ್ರ ಬಿಡುತ್ತಾರೆಂದು ಯಾರೋ ಹೇಳಿದ್ದರಿಂದ ಅವರು ಧರ್ಮಶಾಲೆಯಿಂದ ನೇರ ಅಲ್ಲಿಗೇ ಹೊರಟು, ನನ್ನನ್ನು ಕರೆತರಲು ಗಾಡಿಯವನನ್ನು ಕಳಿಸಿದ್ದರು. ಹುಡುಗ ಬರುವುದಿಲ್ಲವಂತೆ ಎಂದು ಅವನು ಹೋಗಿ ಹೇಳಿದ್ದ.

"ಅವನು ಹೇಳಿದ್ದು ನನಗೆ ಗೊತ್ತಾಗಲಿಲ್ಲ," ಎಂದೆ. "ನನಗೆ ಈಗಲೇ ಊರಿಗೆ ಹೋಗಬೇಕು."

"ಒಬ್ಬನೇ? ಟಿಕೇಟು ಯಾವ ಭಾಷೆಯಲ್ಲಿ ಕೇಳ್ತಿ?"

ನನಗೆ ನಗೆ ಬಂತು, ಅದರ ಬೆನ್ನಿಗೇ ಅಳು ಬಂತು. ಅವನು ಬದಿಯಲ್ಲಿ ಕೂತ. ಕೌನ್ಸಿಲ್ ಮನೆಯ ವಿಷಯ ಒಂದು ಮಾತೂ ಎತ್ತಲಿಲ್ಲ. ಕೆಳಗಿನ ಅಂಗಡಿಯಿಂದ ಮಣ್ಣಿನ ಕುಡಿಕೆಯಲ್ಲಿ ಚಹಾ ತಂದ, ಇಬ್ಬರೂ ಕುಡಿದೆವು. ಬೋಳಾರದ ಹೊಳೆಯಲ್ಲಿ ಈಗ ಮರುವಾಯಿ ಚಿಪ್ಪು ಹೆಕ್ಕುವ ಕಾಲ, ನಾವಿಲ್ಲಿ ಧೂಳು ತಿನ್ನುತ್ತಿದ್ದೇವೆ ಎಂದ. ನಾವು ತುಳುವಿನಲ್ಲಿ ಜೋರಾಗಿ ಮಾತಾಡಿದೆವು. ದಿಲ್ಲಿಯ ಜನ ತಿರುಗಿ ತಿರುಗಿ ನೋಡಿದರು. ಕತ್ತಲಾಗುವ ಮೊದಲು ಅವನು ಧರ್ಮಶಾಲೆಗೆ ಮುಟ್ಟಬೇಕಿತ್ತು. ಅವನು ಇಳಿದು ಹೋಗುವುದನ್ನು ಜನರ ನಡುವೆ ಅವನ ತಲೆ ಕಾಣಿಸುವವರೆಗೆ ನೋಡಿದೆ. ಆ ಸಂಜೆ ಮೊದಲಿನ ಸಂಜೆಗಳಿಗಿಂತ ಕಷ್ಟವಾಯಿತು.

ಮರುದಿನ ಮಾಸ್ಟ್ರು ನನ್ನ ಕೈಹಿಡಿದು, ನಿನ್ನನ್ನು ಬಿಟ್ಟು ಹೋಗಬಾರದಿತ್ತು ಎಂದರು. ಇನ್ನೊಮ್ಮೆ ಆ ಕಡೆ ಹೋಗಲು ಸಮಯವಿರಲಿಲ್ಲ. ಊರಿನ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅವರೆಲ್ಲ ಹೊಸ ದಿಲ್ಲಿಯ ಮಾತನ್ನೇ ಆಡಿದರು. ಅಲ್ಲಿ ಯಾರೋ ಕಾಲು ಜಾರಿ ಬಿದ್ದದ್ದು, ಪೊಲೀಸಿನವನು ಬೈದದ್ದು. ಅರ್ಧ ಹೇಳುವಾಗಲೇ ಎಲ್ಲರಿಗೂ ನಗೆ. ನಾನು ನಗುವ ಮೊದಲು ಅದು ಮುಗಿದಿರುತ್ತಿತ್ತು.

ಮನೆಯಲ್ಲಿ ಬಾಪ ಪಳ್ಳಿಯ ಬಗ್ಗೆ ಕೇಳಿದರು. ಅಂಗಳ ಎಷ್ಟು ದೊಡ್ಡದು, ಎಷ್ಟು ಜನ ಎಂದು ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಅಲ್ಲಿ ನೀನು ಯಾರೊಟ್ಟಿಗೆ ಮಾತಾಡುತ್ತಿದ್ದಿ ಎಂದು ಉಮ್ಮ ಕೇಳಿದಳು. ಯಾರೊಟ್ಟಿಗೂ ಇಲ್ಲ ಎಂದೆ. ಅವಳು ಮಣೆ ಎಳೆದು ನನ್ನನ್ನು ಒಲೆಯ ಹತ್ತಿರ ಕೂರಿಸಿದಳು. ಅವಳು ಮೀನು ಕೊಯ್ಯುತ್ತಾ ಇದ್ದಳು, ನಾನು ಹೇಳುತ್ತಾ ಹೋದೆ, ಸಂಜೆಯವರೆಗೆ.

ಕೆಲವು ವಾರಗಳ ಮೇಲೆ ಕಾಲೇಜಿನ ವರಾಂಡದಲ್ಲಿ ಕಟ್ಟು ಹಾಕಿದ ಒಂದು ಫೋಟೋ ಬಂತು. ದುಂಡಗಿನ ಕೌನ್ಸಿಲ್ ಮನೆಯ ಮುಂದೆ ಮಾಸ್ಟ್ರು ಮತ್ತು ದಿಲ್ಲಿಗೆ ಹೋದ ವಿದ್ಯಾರ್ಥಿಗಳು ಎಂದು ಕೆಳಗೆ ಬರೆದಿತ್ತು. ನೋಡಿದವರು ನೀನು ಹೋಗಲಿಲ್ಲವಾ ಎಂದು ನನ್ನನ್ನು ಕೇಳುತ್ತಿದ್ದರು. ಅದರಲ್ಲಿ ಎಲ್ಲರೂ ಕೆಮರಾವನ್ನು ನೋಡುತ್ತಿದ್ದಾರೆ, ಬೋಳಾರದವನು ಮಾತ್ರ ಬದಿಗೆ ಮುಖ ತಿರುಗಿಸಿದ್ದಾನೆ. ಎಂತ ನೋಡ್ತಾ ಇದ್ದದ್ದು ಎಂದು ಒಂದು ದಿನ ಕೇಳಿದೆ.

"ಟಾಂಗಾ ಬರ್ತದಾ ಅಂತ," ಎಂದ.

ಪರೀಕ್ಷೆ ಮುಗಿದ ಮೇಲೆ ಅವನು ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಹಡಗು ಹತ್ತಿದ. ನಾನು ಬಾಪನ ಅಂಗಡಿಯಲ್ಲಿ ಕೂತೆ. ಸಂಜೆ ಬಾಗಿಲು ಹಾಕಿ ದಕ್ಕೆಯ ಕಡೆ ನಡೆಯುವ ಅಭ್ಯಾಸ ಹಾಗೆಯೇ ಉಳಿಯಿತು. ಮಚ್ವೆಗಳು ಬರುತ್ತಿದ್ದವು, ಸಾಮಾನು ಇಳಿಯುತ್ತಿತ್ತು. ನಾನು ಸ್ವಲ್ಪ ಹೊತ್ತು ನಿಂತು ಮನೆಗೆ ಬರುತ್ತಿದ್ದೆ.