ಗೊತ್ತೋ, ಅನ್ನಿಸಿಕೆಯೋ, ಆಸೆಯೋ

ಇಂಗ್ಲಿಷ್ ಬಲ್ಲವರು ನಮ್ಮ ಬಂದರಿನಲ್ಲಿ ಹಿಂದೆಯೂ ಇದ್ದರು, ಮುಂದೆಯೂ ಇರುತ್ತಾರೆ. ಆದರೆ ಇಂಗ್ಲಿಷ್ ಮಾತನಾಡುವ ಮನುಷ್ಯನಿಗೆ ತಾನು ಆಡಿದ ಮಾತಿನ ಮೇಲೆಯೇ ಎಷ್ಟು ನಂಬಿಕೆಯಿದೆ ಎಂಬುದನ್ನು ಅವನ ದನಿಯಿಂದ ತೂಗಿ, ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಅದೇ ತೂಕದ ಮಾತನ್ನು ನಮ್ಮವರ ಕಿವಿಗೆ ಮುಟ್ಟಿಸಬಲ್ಲವರು ಒಬ್ಬರೇ. ಬಂದರಿನ ರೇಡಿಯೊ ಕೋಣೆಯ ಹಿರಿಯ ದುಭಾಷಿಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಅವರ ಬಗ್ಗೆ ಸಂಪುಟವೊಂದಕ್ಕೆ ನಾಲ್ಕು ಮಾತು ಬರೆಯಲು ಅಭಿನಂದನ ಸಮಿತಿಯವರು ಕೇಳಿದಾಗ, "ಬರೀಬಹುದು ಅನ್ನಿಸುತ್ತೆ" ಎಂದೆ. ಮೇಡಂ ಪಕ್ಕದಲ್ಲಿಯೇ ಇದ್ದರು. "ಅನ್ನಿಸುತ್ತೋ, ಬರೀತೀಯೋ?" ಎಂದು ಕೇಳಿದರು. ಆದ್ದರಿಂದ ಬರೆಯುತ್ತಿದ್ದೇನೆ.

ಮೇಡಂ ಮೊದಲು ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದರು. ಪರೀಕ್ಷೆಗೆಂದು ಕಲಿಸಿದ್ದು ಪರೀಕ್ಷೆಯ ಮರುದಿನವೇ ಹಾರಿಹೋಗುವುದನ್ನು ನೋಡಿ ನೋಡಿ ಬೇಸತ್ತು, ಆಡಿದ ಮಾತಿಗೆ ಆ ಕ್ಷಣವೇ ಬೆಲೆಯಿರುವ ಕೆಲಸ ಬೇಕೆಂದು ಇಲ್ಲಿಗೆ ಬಂದರಂತೆ. ಅವರ ಕೋಣೆಯೆಂದರೆ ಉಪ್ಪುಗಾಳಿಗೆ ಮಬ್ಬಾದ ಒಂದು ಅಗಲ ಕಿಟಕಿ, ಸದಾ ಗೊಣಗುವ ಫ್ಯಾನು, ತಂತಿ ಸುತ್ತಿ ಕಾಲು ಬಿಗಿದ ಒಂದು ಕುರ್ಚಿ ಮತ್ತು ಎರಡು ಮೈಕು. ಒಂದರಲ್ಲಿ ಹೊರದೇಶದ ಹಡಗುಗಳ ಕ್ಯಾಪ್ಟನ್ನರು, ಇನ್ನೊಂದರಲ್ಲಿ ಆ ಹಡಗುಗಳನ್ನು ಹಗ್ಗ ಕಟ್ಟಿ ಎಳೆಯುವ ನಮ್ಮ ಟಗ್ ದೋಣಿಗಳ ಚಾಲಕರು. ನಡುವೆ ಮೇಡಂ.

ಇಂಗ್ಲಿಷಿನವರು ಹೆದರಿದಷ್ಟೂ ದನಿ ತಗ್ಗಿಸುತ್ತಾರೆ ಎಂಬುದು ಅವರು ನಮಗೆ ಹೇಳಿಕೊಟ್ಟ ಮೊದಲ ಮಾತು. 'ಐ ಆ್ಯಮ್ ಅಫ್ರೇಡ್' ಎಂದು ಶುರು ಮಾಡಿದವನಿಗೆ ಭಯವೇನೂ ಇರುವುದಿಲ್ಲ, ಬೇಡದ ಸುದ್ದಿ ಹೇಳುವುದಿರುತ್ತದೆ, ಅಷ್ಟೇ. ಆದರೆ 'ಎ ಬಿಟ್ ಆಫ್ ವಾಟರ್' ಎಂದು ತಣ್ಣಗೆ ಹೇಳಿದವನ ಹಡಗಿಗೆ ಮೊಣಕಾಲಿನ ತನಕ ನೀರು ನುಗ್ಗಿರಬಹುದು. ಮಾತಿನ ಕೊನೆಗೆ 'ಹೋಪ್‌ಫುಲಿ' ಎಂದು ಅಂಟಿಸಿದರೆ ಕೈಯಲ್ಲಿ ಆಧಾರವೇನೂ ಇಲ್ಲವೆಂದೇ ತಿಳಿಯಬೇಕು. "ಇದೆಂಥಾ ಜನಾನೋ, ಇರೋದನ್ನ ಇದ್ದಂಗೆ ಹೇಳೋಕೆ ಇವರಿಗೇನು ಕಷ್ಟ?" ಎಂದು ನಾವು ನಕ್ಕರೆ ಮೇಡಂ ಬಿಡುತ್ತಿರಲಿಲ್ಲ. "ಮನೆಗೆ ಪೇಂಟ್ ಮಾಡೋಕೆ ಯಾವತ್ತು ಬರ್ತೀಯಪ್ಪಾ ಅಂದ್ರೆ ನಮ್ಮವನು 'ನೋಡೋಣ' ಅಂತಾನಲ್ಲ, ಅವನು ಏನು ನೋಡ್ತಾನೆ ಹೇಳಿ" ಎನ್ನುತ್ತಿದ್ದರು.

ನಾನು ಕಿರಿಯ ದುಭಾಷಿಯಾಗಿ ಕೆಲಸಕ್ಕೆ ಸೇರಿದ ದಿನ ಅವರು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಟಗ್ ಚಾಲಕರಲ್ಲಿ ಒಬ್ಬರು ನನ್ನ ಅಣ್ಣನೆಂದು ತಿಳಿದು, "ಅಣ್ಣ ಈಗ ಮನೇಲಿದ್ದಾರಾ?" ಎಂದರು. "ಇರ್ಬೇಕು ಮೇಡಂ" ಎಂದೆ. "ಇರ್ಬೇಕು ಅಂದ್ರೆ? ನೋಡಿ ಬಂದ್ಯಾ, ಇರ್ತಾರೆ ಅಂತ ಅನ್ನಿಸುತ್ತಾ, ಇಲ್ಲಾ ಇರಲಿ ಅಂತ ಆಸೆನಾ?" ಗೊತ್ತೋ, ಅನ್ನಿಸಿಕೆಯೋ, ಆಸೆಯೋ ಎಂಬ ಈ ಮರುಪ್ರಶ್ನೆಯೇ ಅವರ ಕೆಲಸದ ಕ್ರಮ. ಕ್ಯಾಪ್ಟನ್ನನ ಮಾತಿನಲ್ಲಿ ಎಳ್ಳಷ್ಟು ಅನುಮಾನ ಕಂಡರೂ ಅದನ್ನು ಅವನಿಗೇ ತಿರುಗಿಸಿ ಕೇಳಿ, ಉತ್ತರ ಬಂದ ಮೇಲೆಯೇ ಟಗ್ಗಿಗೆ ದಾಟಿಸುತ್ತಿದ್ದರು. ಹೊತ್ತು ಹಿಡಿಯುವ ಈ ಪದ್ಧತಿಗಾಗಿ ಬಂದರಿನ ಜನ ಅವರನ್ನು 'ಖಾತ್ರಿ ಮೇಡಂ' ಎಂದು ಆಡಿಕೊಳ್ಳುತ್ತಿದ್ದರು. ಕ್ಯಾಂಟೀನಿನವನು ಕಾಫಿ ಕೊಡುವಾಗ, "ಸಕ್ಕರೆ ಹಾಕಿದೀನಿ ಮೇಡಂ, ಗೊತ್ತು, ಆಸೆ ಅಲ್ಲ" ಎನ್ನುತ್ತಿದ್ದ.

ಕೆಲಸದಲ್ಲಿ ಇಷ್ಟು ಬಿಗಿಯಾದವರು ಮನುಷ್ಯರ ವಿಷಯದಲ್ಲಿ ಬಲು ಮೆದು. ನನ್ನ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ, ನನ್ನ ಪಾಳಿಯನ್ನೂ ತಮ್ಮ ತಲೆಯ ಮೇಲೆ ಹಾಕಿಕೊಂಡು, ಮೈಕಿನ ಮುಂದೆ ನಿಂತುಕೊಂಡೇ ಊಟ ಮಾಡಿದರು. ಸಂಜೆ ಆಸ್ಪತ್ರೆಗೆ ಬಂದು, ವೈದ್ಯರು "ಓಡಾಡ್ತಾರೆ ಬಿಡಿ" ಎಂದದ್ದನ್ನು ನಾನು ಕಣ್ಣೊರೆಸಿಕೊಂಡು ನಂಬುತ್ತಿರುವಾಗ, ಅವರನ್ನೇ ಹೊರಗೆ ಕರೆದೊಯ್ದು ಮರುಪ್ರಶ್ನೆ ಹಾಕಿದರು. ಅಮ್ಮ ಕೋಲಿಲ್ಲದೆ ನಡೆಯಲಾರಳೆಂಬ ನಿಜ ಅಂದೇ ತಿಳಿದದ್ದರಿಂದ, ಅಮ್ಮ ಮನೆಗೆ ಬರುವಷ್ಟರಲ್ಲಿ ಅಣ್ಣ ಗೋಡೆಗೆಲ್ಲ ಹಿಡಿಕೆ ಹೊಡೆದಿದ್ದ.

ಇಷ್ಟೆಲ್ಲ ಹೇಳಿದ್ದು ಆ ಮಧ್ಯಾಹ್ನದ ಮಾತಿಗೆ ಬರಲು.

ಗಾಳಿ ಜೋರಾಗಿತ್ತು. ಸರಕಿನ ದೊಡ್ಡ ಹಡಗೊಂದು ಬಂದರಿನ ಬಾಯಿಯಲ್ಲಿಯೇ ಎಂಜಿನ್ ಕೆಟ್ಟು ನಿಂತು, ಅಲೆ ತಡೆಯಲು ಕಟ್ಟಿದ ಕಲ್ಲುಗೋಡೆಯ ಕಡೆಗೆ ತೇಲತೊಡಗಿತ್ತು. ಅದನ್ನು ಹಿಂದಕ್ಕೆ ಎಳೆಯಲು ಹೊರಟ ಟಗ್ಗಿನಲ್ಲಿ ಇದ್ದವನು ಅಣ್ಣ. ಹಗ್ಗ ಕಟ್ಟಲು ಅವನು ಹಡಗಿನ ಹಿಂಬದಿಗೆ, ಪ್ರೊಪೆಲರ್ ಇರುವ ಜಾಗಕ್ಕೇ ಹೋಗಬೇಕು. ಆಗ ಎಂಜಿನ್ ಶುರುವಾದರೆ ಹಗ್ಗ ಪ್ರೊಪೆಲರಿಗೆ ಸುತ್ತಿ, ಟಗ್ ಮಗುಚಿಬೀಳುತ್ತದೆ. ಎಂಜಿನ್ ಈಗ ಶುರುವಾಗುವ ಸಂಭವವಿದೆಯೇ ಎಂದು ಮೇಡಂ ಕ್ಯಾಪ್ಟನ್ನನನ್ನು ಕೇಳಿದರು. "ಐ ಶುಡಂಟ್ ಥಿಂಕ್ ಸೋ", ಆಗಲಿಕ್ಕಿಲ್ಲ ಅನ್ನಿಸುತ್ತೆ, ಎಂಬ ಉತ್ತರ ಬಂತು. ದನಿ ತೀರ ಮೆಲ್ಲಗಿತ್ತು.

ನಮ್ಮ ಹಿಂದೆಯೇ ನಿಂತಿದ್ದ ಬಂದರಿನ ಮುಖ್ಯಾಧಿಕಾರಿಗಳು, "ಆಗಲ್ಲ ಅಂತಿದಾನೆ. ಟಗ್ಗನ್ನ ಒಳಗೆ ಬಿಡಿ" ಎಂದರು. ಟಗ್ಗಿನ ಮೈಕು ನನ್ನ ಕೈಯಲ್ಲಿತ್ತು. ನಾನು ಬಾಯಿ ತೆರೆಯುವ ಮುನ್ನ ಮೇಡಂ ಅದರ ಮೇಲೆ ಅಂಗೈ ಇಟ್ಟರು.

"ಅದು ಅವರ ಅನ್ನಿಸಿಕೆ ಸರ್. ಇನ್ನೊಂದು ಸಲ ಕೇಳ್ತೀನಿ."

"ಪಾಠ ಮಾಡೋ ಹೊತ್ತೇನ್ರೀ ಇದು? ಗೋಡೆ ನೋಡಿ. ಹಡಗು ಒಡೆದ್ರೆ ಯಾರ್ರೀ ಹೊಣೆ?"

"ನಾನು" ಎಂದರು ಮೇಡಂ. ಅಂಗೈ ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ತಮ್ಮ ಮೈಕು ಹಿಡಿದು, ನಿಮಗೆ ಗೊತ್ತಿದೆಯೋ, ಹಾಗೆ ಅನ್ನಿಸುತ್ತಿದೆಯೋ, ಹಾಗಿರಲೆಂದು ಆಸೆಪಡುತ್ತಿದ್ದೀರೋ ಎಂದು ಕ್ಯಾಪ್ಟನ್ನನನ್ನು ಕೇಳಿದರು. ಉತ್ತರ ಬರುವ ಮುನ್ನ ಟಗ್ಗಿನಿಂದ ಅಣ್ಣನ ದನಿ ಬಂತು. "ಏನಮ್ಮ, ಹೋಗ್ಲೋ ಬೇಡ್ವೋ? ಇನ್ನು ತಡ ಆದ್ರೆ ನನ್ ಕೈಲಾಗಲ್ಲ." ನಾನು ಮೇಡಂ ಮುಖ ನೋಡಿದೆ. "ನಿಲ್ಲೋಕೆ ಹೇಳು" ಎಂದು ಕೈ ತೆಗೆದರು.

"ನಿಲ್ಲಣ್ಣಾ" ಎಂದೆ.

ಆಮೇಲೆ ಕ್ಯಾಪ್ಟನ್ ಮಾತನಾಡಿದ. ಆಸೆ, ಎಂದ. ಎಂಜಿನ್ ಕೋಣೆಯ ಫೋನು ಸತ್ತಿದೆ, ಕೆಳಗೆ ಏನು ನಡೆಯುತ್ತಿದೆಯೋ ತನಗೆ ತಿಳಿಯದು, ನೋಡಿ ಬರಲು ಈಗಷ್ಟೇ ಒಬ್ಬನನ್ನು ಕೆಳಗೆ ಓಡಿಸಿದ್ದೇನೆ, ಎಂದ. ಮೇಡಂ ಅದನ್ನು ನಮ್ಮ ಭಾಷೆಗೆ ತರುತ್ತಿರುವಾಗಲೇ ಕಿಟಕಿಯಾಚೆ ಹಡಗಿನ ಹಿಂಬದಿಯಲ್ಲಿ ನೀರು ಕುದಿದಂತೆ ಬೆಳ್ಳಗೆ ಎದ್ದಿತು. ಕೆಳಗಿದ್ದ ಎಂಜಿನಿಯರು, ಮೇಲಿನ ಸುದ್ದಿ ತಿಳಿಯದೆ, ಎಂಜಿನ್ ಚಾಲೂ ಮಾಡಿದ್ದ. ಅಣ್ಣನ ಟಗ್ ಇರಬೇಕಾಗಿದ್ದ ಜಾಗ ಅದು.

ಶುರುವಾದ ಎಂಜಿನ್ನಿನ ಬಲದಿಂದ ಹಡಗು ಗೋಡೆಗೆ ಉಜ್ಜಿಕೊಂಡೇ ಪಾರಾಯಿತು. ಪಕ್ಕದ ತಗಡು ಉದ್ದಕ್ಕೂ ಒಳಕ್ಕೆ ಹೋಯಿತು, ಗೋಡೆಯ ಕಲ್ಲುಗಳು ಉರುಳಿದವು. ವಿಚಾರಣೆ ನಡೆಯಿತು. ಎಂಜಿನ್ ಶುರುವಾಗುತ್ತದೆಂದು ನಿಮಗೆ ಗೊತ್ತಿತ್ತೇ ಎಂದು ವಿಚಾರಣೆ ನಡೆಸಿದವರು ಮೇಡಂ ಅವರನ್ನು ಕೇಳಿದರು. ಗೊತ್ತಿತ್ತು ಎಂದಿದ್ದರೆ ಅಂದೇ ಹಾರ ಬೀಳುತ್ತಿತ್ತು. "ಗೊತ್ತಿರಲಿಲ್ಲ. ಅನುಮಾನ ಇತ್ತು. ಅನುಮಾನ ಇದ್ದಾಗ ಕೇಳೋದು ನನ್ನ ಕೆಲಸ" ಎಂದರು. ಬರಿಯ ಅನುಮಾನಕ್ಕೆ ಹೊತ್ತು ಕಳೆದರೆಂದು ಅವರನ್ನು ಮೈಕಿನಿಂದ ಎಬ್ಬಿಸಿ, ಹಳೆಯ ಕಡತಗಳ ಅನುವಾದಕ್ಕೆ ಕೂರಿಸಿದರು. ನನಗೆ ಆಗ ಬಂದ ಸಿಟ್ಟು ಈ ಹೊತ್ತಿಗೂ ಇಳಿದಿಲ್ಲವೆಂದು ಈ ಸಂಪುಟದಲ್ಲಿಯೇ ದಾಖಲಿಸುತ್ತೇನೆ. ಸಂಪಾದಕರು ಬೇಕಾದರೆ ಕತ್ತರಿ ಹಾಕಲಿ. ಅಣ್ಣನಂತೂ ಕಡತದ ಕೋಣೆಗೇ ಹೋಗಿ, "ಗೊತ್ತಿತ್ತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮೇಡಂ?" ಎಂದು ಜಗಳ ತೆಗೆದ. "ಹಂಗಂದಿದ್ರೆ ನಾಳೆಯಿಂದ ನನ್ನ ಮಾತನ್ನ ನೀನು ಹೆಂಗಪ್ಪಾ ನಂಬ್ತಿದ್ದೆ?" ಎಂದು ಮೇಡಂ ನಕ್ಕರು.

ಟಗ್ ಚಾಲಕರೆಲ್ಲ ಒಟ್ಟಾಗಿ ಹೋಗಿ ಕೇಳಿದ ಮೇಲೆ ಅವರು ಮತ್ತೆ ಮೈಕಿಗೆ ಬಂದರು. ಇಂದು ಆ ಕೋಣೆಗೆ ಬರುವ ಹೊಸಬರಿಗೆಲ್ಲ ಆ ಮರುಪ್ರಶ್ನೆಯೇ ಮೊದಲ ಪಾಠ. 'ಖಾತ್ರಿ ಮೇಡಂ' ಎಂದು ಈಗಲೂ ಕರೆಯುತ್ತಾರೆ, ಆಡಿಕೊಳ್ಳುವುದಿಲ್ಲ.

ಇಂಥ ಲೇಖನದ ಕೊನೆಗೆ ನೂರ್ಕಾಲ ಬಾಳುತ್ತೀರಿ ಎಂದು ಬರೆಯುವುದು ವಾಡಿಕೆ. ಬರೆದರೆ ನೀವು ಬಿಡುವವರಲ್ಲ. ಅದು ನನಗೆ ಗೊತ್ತಿಲ್ಲ ಮೇಡಂ, ಆಸೆ, ದೊಡ್ಡ ಆಸೆ. ಮನೆಯಲ್ಲಿ ಸುಮ್ಮನೆ ಕೂರದೆ ಹೊಸ ಹುಡುಗಿಯರಿಗೆ ಪಾಠ ಹೇಳಲು ಬರುತ್ತೀರೆಂಬುದು ನನ್ನ ಅನ್ನಿಸಿಕೆ. ಇನ್ನು ಖಾತ್ರಿಯಾಗಿ ಹೇಳಬಲ್ಲದ್ದು ಒಂದಿದೆ. ಕೆಲಸಕ್ಕೆ ಸೇರಿದ ದಿನ ನೀವು ಕೇಳಿದ ಪ್ರಶ್ನೆಗೆ ನಾನು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಇದನ್ನು ಬರೆಯುವ ನಡುವೆ ಎದ್ದು ಹೋಗಿ ಪಕ್ಕದ ಕೋಣೆಯಲ್ಲಿ ಇಣುಕಿ ಬಂದೆ. ಸಮಾರಂಭಕ್ಕೆಂದು ಅಂಗಿಗೆ ಇಸ್ತ್ರಿ ಹಾಕುತ್ತಾ, ಕಾಲರ್ ಸುಟ್ಟುಕೊಂಡು ಗೊಣಗುತ್ತಿದ್ದಾನೆ. ಅಣ್ಣ ಮನೆಯಲ್ಲಿದ್ದಾನೆ ಮೇಡಂ. ನೋಡಿ ಬಂದೇ ಹೇಳುತ್ತಿದ್ದೇನೆ.